ಪಹಣಿ ಇಲ್ಲದ ರೈತರಿಗೂ ಕೃಷಿ ನೀತಿಯಲ್ಲಿ ಜಾಗ ಬೇಕು

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ರೈತ ಮಹಿಳೆ. ಮನೆಯ ಎರಡು ಎಕರೆ ಹೊಲ ಮಾವನವರ ಹೆಸರಿನಲ್ಲಿದೆ. ಪಕ್ಕದ ಊರಿನವರ ಎರಡು ಎಕರೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ, ಮಾಡುತ್ತೇವೆ. ಎಲ್ಲಾ ಮಳೆ ನಂಬಿದ ಬೆದ್ದಲು ಹೊಲ. ರಾಗಿ, ತೊಗರಿ, ಅವರೆ ಹಾಕುತ್ತೇವೆ. ನಮ್ಮ ಮನೆಯವರು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ, ಹೊಲ ನೋಡಿಕೊಳ್ಳುವುದು ನಾನೇ. ಆದರೂ ಕಿಸಾನ್ ಸಮ್ಮಾನ್ ಹಣ, ಬೆಳೆ ವಿಮೆ, ಸೊಸೈಟಿ ಸಾಲ ಯಾವುದೂ ನನ್ನ ಹೆಸರಿಗೆ ಬರುವುದಿಲ್ಲ. ರಾಷ್ಟ್ರೀಯ ಕೃಷಿ ನೀತಿ ಎಲ್ಲರನ್ನೂ ಒಳಗೊಳ್ಳಬೇಕು, ಮಣ್ಣು ನೀರು ಉಳಿಯುವ ಹಾಗೆ ಇರಬೇಕು ಅಂತ ಭಾಷಣಗಳಲ್ಲಿ ಕೇಳುತ್ತಲೇ ಇದ್ದೇನೆ. ನಿಜವಾಗಿ ಏನು ಬದಲಾಗಬೇಕು? ಅಲ್ಲಿಯವರೆಗೆ ನಮ್ಮಂಥವರು ಏನು ಮಾಡಬಹುದು?

ಉತ್ತರ: ಬಿತ್ತನೆ, ಕಳೆ, ಕೊಯ್ಲು ಎಲ್ಲಾ ನಿಮ್ಮ ಕೈಯಲ್ಲೇ ನಡೆಯುತ್ತದೆ. ಆದರೆ ಸರ್ಕಾರದ ಲೆಕ್ಕದಲ್ಲಿ ನೀವು ರೈತರಲ್ಲ. ಎಲ್ಲರನ್ನೂ ಒಳಗೊಳ್ಳುವ ನೀತಿಯ ಮಾತು ಶುರುವಾಗಬೇಕಾದದ್ದು ಇಲ್ಲಿಂದಲೇ. ಮಣ್ಣು ಉಳಿಸುವ ಮಾತೂ ಇಲ್ಲಿಂದಲೇ ಶುರುವಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕಾಗದದ ಮೇಲೆ ನಮ್ಮ ದೇಶದ ನೀತಿಯಲ್ಲಿ ನಿಮಗೆ ಜಾಗ ಇದೆ. ಕೃಷಿ ವಿಜ್ಞಾನಿ ಎಂ. ಎಸ್. ಸ್ವಾಮಿನಾಥನ್ ಅಧ್ಯಕ್ಷರಾಗಿದ್ದ ರಾಷ್ಟ್ರೀಯ ರೈತರ ಆಯೋಗ 2004ರಿಂದ 2006ರ ನಡುವೆ ಐದು ವರದಿ ಕೊಟ್ಟಿತು. ಅದರ ನಂತರ 2007ರಲ್ಲಿ ಕೇಂದ್ರ ಸರ್ಕಾರ ರೈತರ ರಾಷ್ಟ್ರೀಯ ನೀತಿ ತಂದಿತು. ರೈತರು ಅಂದರೆ ಯಾರು ಎಂದು ಹೇಳುವಾಗ ಅದು ಕೈ ಬಿಗಿ ಹಿಡಿಯಲಿಲ್ಲ. ಸ್ವಂತ ಜಮೀನಿನವರ ಜೊತೆಗೆ ಗೇಣಿಗೆ ಮಾಡುವವರು, ವಾರಕ್ಕೆ ಮಾಡುವವರು, ಕೂಲಿಯವರು, ಕುರಿ ಕೋಳಿ ಸಾಕುವವರು, ಮೀನು ಹಿಡಿಯುವವರು, ಜೇನು ಸಾಕುವವರು, ರೇಷ್ಮೆ ಬೆಳೆಯುವವರು, ಕಾಡಿನ ಉತ್ಪನ್ನ ಆಯ್ದು ತರುವ ಬುಡಕಟ್ಟಿನವರು, ಇವರೆಲ್ಲರನ್ನೂ ಹೆಸರಿಟ್ಟು ಸೇರಿಸಿತು.

ಹಣ ಹಂಚುವ ಯೋಜನೆಗಳು ಬಂದಾಗ ಈ ಪಟ್ಟಿ ಪಕ್ಕಕ್ಕೆ ಸರಿಯಿತು. 2019ರಲ್ಲಿ ಶುರುವಾದ ಪಿಎಂ ಕಿಸಾನ್ ವರ್ಷಕ್ಕೆ 6,000 ರೂಪಾಯಿ ಕೊಡುತ್ತದೆ, ಆದರೆ ಜಮೀನಿನ ದಾಖಲೆ ಇದ್ದ ಕುಟುಂಬಕ್ಕೆ ಮಾತ್ರ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸಾಗುವಳಿದಾರರು 11.9 ಕೋಟಿ, ಕೃಷಿ ಕೂಲಿಯವರು 14.4 ಕೋಟಿ. ಅಂದರೆ ಹೊಲದಲ್ಲಿ ದುಡಿಯುವವರ ದೊಡ್ಡ ಗುಂಪೊಂದು ಮೊದಲ ಹೆಜ್ಜೆಯಲ್ಲೇ ಹೊರಗುಳಿಯಿತು. ಜಮೀನು ಇದ್ದರೂ ಅದು ಅವರ ಹೆಸರಿನಲ್ಲಿಲ್ಲದ ಹೆಂಗಸರು ಇನ್ನೊಂದು ದೊಡ್ಡ ಗುಂಪು. ಹಳ್ಳಿಯಲ್ಲಿ ದುಡಿಯುವ ಪ್ರತಿ ನಾಲ್ವರು ಹೆಂಗಸರಲ್ಲಿ ಸುಮಾರು ಮೂವರು ಕೃಷಿಯಲ್ಲೇ ಇದ್ದಾರೆ. 2015-16ರ ಕೃಷಿ ಗಣತಿಯಲ್ಲಿ ಮಹಿಳೆಯರ ಹೆಸರಿನಲ್ಲಿ ನಡೆಯುವ ಹಿಡುವಳಿ ಮಾತ್ರ ನೂರಕ್ಕೆ 14ರಷ್ಟೇ.

ಇನ್ನು ನಿಮ್ಮ ವಾರದ ಹೊಲದ ವಿಷಯ. ಇಲ್ಲಿ ಕರ್ನಾಟಕದ ಇತಿಹಾಸ ಗೊತ್ತಿರಬೇಕು. 1974ರ ಭೂ ಸುಧಾರಣೆ ಲಕ್ಷಾಂತರ ಗೇಣಿದಾರರನ್ನು ಜಮೀನಿನ ಒಡೆಯರನ್ನಾಗಿ ಮಾಡಿತು. ನಮ್ಮ ನಾಡಿನ ಬಹಳ ದೊಡ್ಡ ಕೆಲಸ ಅದು, ಅದರ ಬಗ್ಗೆ ನನಗೆ ತುಂಬಾ ಗೌರವವಿದೆ. ಅದೇ ಕಾಯ್ದೆ ಮುಂದೆ ಹೊಸದಾಗಿ ಗೇಣಿಗೆ ಕೊಡುವುದನ್ನೂ ನಿಷೇಧಿಸಿತು. ಸೈನಿಕರು, ನಾವಿಕರಿಗೆ ಮಾತ್ರ ವಿನಾಯಿತಿ. ಆಗ ಅದಕ್ಕೆ ಕಾರಣ ಇತ್ತು. ಆದರೆ ಹೊಲ ಕೊಡುವುದು, ತೆಗೆದುಕೊಳ್ಳುವುದು ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ನಿಮ್ಮ ಕಡೆ ವಾರ, ಉತ್ತರ ಕರ್ನಾಟಕದಲ್ಲಿ ಲಾವಣಿ, ಕೋರು. ಯಾವುದಕ್ಕೂ ಒಂದು ಚೀಟಿ ಇಲ್ಲ. ಜಮೀನಿನ ದಾಖಲೆಯಾದ ಪಹಣಿಯ 12ನೇ ಕಲಂನಲ್ಲಿ ಸಾಗುವಳಿದಾರರ ಹೆಸರು ಬರೆಯಲು ಜಾಗ ಇದೆ. ನಿಮ್ಮ ವಾರದ ಹೊಲದ ಪಹಣಿ ತೆಗೆಸಿ ನೋಡಿ, ಅಲ್ಲಿ ಬಹುಪಾಲು 'ಸ್ವಂತ' ಅಂತಲೇ ಇರುತ್ತದೆ. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದುಹಾಕಿ ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿಕೊಟ್ಟರು. ದುಡ್ಡಿದ್ದವರಿಗೆ ಬಾಗಿಲು ತೆರೆಯಿತು. ವಾರಕ್ಕೆ ಮಾಡುವವರಿಗೆ ಮಾತ್ರ ಇನ್ನೂ ದಾಖಲೆ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಈಗ ಮಣ್ಣಿನ ಮಾತಿಗೆ ಬರೋಣ. ಕೊಟ್ಟಿಗೆ ಗೊಬ್ಬರ ಹಾಕಿದರೆ ಅದರ ಫಲ ಒಂದೇ ವರ್ಷಕ್ಕೆ ಮುಗಿಯುವುದಿಲ್ಲ, ಎರಡು ಮೂರು ವರ್ಷ ಇರುತ್ತದೆ. ಬದು ಕಟ್ಟಿದರೆ, ಬದುವಿನ ಮೇಲೆ ಹೊಂಗೆ ನೆಟ್ಟರೆ ಇನ್ನೂ ನಿಧಾನ. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದವರು ಗಾಡಿಗಟ್ಟಲೆ ಗೊಬ್ಬರ ಯಾಕೆ ಹೊಡೆಸುತ್ತಾರೆ? ಒಂದು ಚೀಲ ಯೂರಿಯಾ ಎರಚಿ ಆ ವರ್ಷದ ಫಸಲು ತೆಗೆದುಕೊಳ್ಳುತ್ತಾರೆ. ಅವರದು ತಪ್ಪಲ್ಲ, ಲೆಕ್ಕ ಹಾಗಿದೆ. ಆದ್ದರಿಂದ ಮಣ್ಣು ಉಳಿಸಬೇಕು ಅನ್ನುವ ಸರ್ಕಾರ ಮೊದಲು ಆ ಮಣ್ಣಿನಲ್ಲಿ ಕೆಲಸ ಮಾಡುವವರಿಗೆ ನಾಲ್ಕೈದು ವರ್ಷದ ಭರವಸೆ ಕೊಡಬೇಕು.

ಇದಕ್ಕೆ ದಾರಿ ಇಲ್ಲ ಅಂತೇನಿಲ್ಲ. ನೀತಿ ಆಯೋಗ 2016ರಲ್ಲೇ ಒಂದು ಮಾದರಿ ಗೇಣಿ ಕಾಯ್ದೆ ಬರೆಸಿ ರಾಜ್ಯಗಳಿಗೆ ಕೊಟ್ಟಿದೆ. ಮಾಲೀಕರ ಒಡೆತನಕ್ಕೆ ಧಕ್ಕೆ ಇಲ್ಲ, ಸಾಗುವಳಿ ಮಾಡುವವರಿಗೆ ಸಾಲ ಮತ್ತು ವಿಮೆ ಸಿಗಬೇಕು, ಇದು ಅದರ ತಿರುಳು. ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರಿಗೆ 11 ತಿಂಗಳ ಕಾರ್ಡ್ ಕೊಡುವ ಕಾಯ್ದೆ ಮಾಡಿತು. ಅದರಲ್ಲಿ ಒಂದು ತೊಡಕಿದೆ. ಕಾರ್ಡಿಗೆ ಮಾಲೀಕರ ಒಪ್ಪಿಗೆ ಬೇಕು. ಹೊಲ ಕೈತಪ್ಪುತ್ತದೆ ಅನ್ನುವ ಹೆದರಿಕೆ ಇರುವವರು ಸಹಿ ಹಾಕುವುದಿಲ್ಲ. ಒಡಿಶಾ 2018ರ ಕೊನೆಯಲ್ಲಿ ತಂದ ಕಾಲಿಯಾ ಯೋಜನೆ ಇನ್ನೊಂದು ದಾರಿ ಹಿಡಿಯಿತು. ಪಾಲಿಗೆ ಮಾಡುವವರನ್ನು, ಜಮೀನಿಲ್ಲದ ಕೃಷಿ ಕುಟುಂಬಗಳನ್ನು ನೇರವಾಗಿ ಫಲಾನುಭವಿಗಳ ಪಟ್ಟಿಗೆ ಸೇರಿಸಿತು.

ಕರ್ನಾಟಕಕ್ಕೆ ಇವೆರಡಕ್ಕಿಂತ ಸುಲಭವಾದ ಅವಕಾಶ ಇದೆ ಅನ್ನುವುದು ನನ್ನ ಲೆಕ್ಕ. ನಮ್ಮಲ್ಲಿ ಬೆಳೆ ಸಮೀಕ್ಷೆ ಈಗಾಗಲೇ ನಡೆಯುತ್ತದೆ. ಪ್ರತಿ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಅನ್ನುವುದನ್ನು ಮೊಬೈಲಿನಲ್ಲಿ ಫೋಟೋ ಸಮೇತ ದಾಖಲಿಸುತ್ತಾರೆ. ಆ ಹೊತ್ತಿಗೆ ಇನ್ನೊಂದು ಪ್ರಶ್ನೆ ಕೇಳಿದರೆ ಸಾಕು: ಇದನ್ನು ಬೆಳೆದವರು ಯಾರು? ಆ ಹೆಸರನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ, ತಕರಾರಿದ್ದವರು ಅಲ್ಲೇ ಹೇಳಲಿ. ಈ ದಾಖಲೆಯಿಂದ ಒಡೆತನದ ಹಕ್ಕು ಹುಟ್ಟುವುದಿಲ್ಲ ಅಂತ ಕಾಯ್ದೆಯಲ್ಲೇ ಸ್ಪಷ್ಟವಾಗಿ ಬರೆಯಲಿ. ಮಾಲೀಕರ ಹೆದರಿಕೆಯೂ ನಿಜವಾದದ್ದೇ, ಅದನ್ನು ಹೋಗಲಾಡಿಸದೆ ಯಾವ ಗೇಣಿ ಕಾಯ್ದೆಯೂ ಹಳ್ಳಿಯಲ್ಲಿ ನಡೆಯುವುದಿಲ್ಲ.

ಇದು ಈಗಲೇ ಆಗಬೇಕು. ಯಾಕೆಂದರೆ ಕೇಂದ್ರ ಸರ್ಕಾರ 2024ರ ಡಿಜಿಟಲ್ ಕೃಷಿ ಮಿಷನ್ ಅಡಿ ದೇಶದ ತುಂಬಾ ರೈತರ ಗುರುತಿನ ಸಂಖ್ಯೆ ಮಾಡುತ್ತಿದೆ. ನಮ್ಮ ರಾಜ್ಯ ರೈತರಿಗೆ ಕೊಡುವ ಫ್ರೂಟ್ಸ್ ಐಡಿ ಇದ್ದ ಹಾಗೆ. ಆ ಸಂಖ್ಯೆ ಜಮೀನಿನ ದಾಖಲೆಗೆ ಅಂಟಿಕೊಂಡಿದೆ. ಇಂದು ಪಟ್ಟಿಯಿಂದ ಬಿಟ್ಟುಹೋದವರು ಮುಂದೆ ಸಾಲ, ಬೀಜ, ಬೆಂಬಲ ಬೆಲೆ, ಪರಿಹಾರ ಎಲ್ಲದರಿಂದಲೂ ಒಟ್ಟಿಗೇ ಬಿಟ್ಟುಹೋಗುತ್ತಾರೆ. ಹಳೆ ಕಾಲದಲ್ಲಾದರೆ ಶಾನುಭೋಗರ ಹತ್ತಿರ ಹೋಗಿ ಮಾತಾಡಬಹುದಿತ್ತು. ಪೋರ್ಟಲ್ ಹತ್ತಿರ ಏನು ಮಾತಾಡುತ್ತೀರಿ?

ನಿಮ್ಮ ಹೊಲದ ಬೆಳೆಗೆ ಬರುತ್ತೇನೆ. ರಾಗಿ, ತೊಗರಿ, ಅವರೆ ಅಂದಿರಿ. ಅಕ್ಕಡಿ ಸಾಲು ಇಡುತ್ತೀರಿ ಅಂತ ಕಾಣುತ್ತದೆ. ನನ್ನ ಮಟ್ಟಿಗೆ ನಮ್ಮ ಬೆದ್ದಲು ಸೀಮೆಯ ಅತ್ಯುತ್ತಮ ತಿಳಿವಳಿಕೆ ಅಂದರೆ ಇದೇ. ರಾಗಿಯ ನಡುವೆ ತೊಗರಿ, ಅವರೆ, ಹುಚ್ಚೆಳ್ಳು, ಸಾಸಿವೆ, ಒಂದಿಷ್ಟು ಜೋಳ. ತೊಗರಿಯ ಬೇರು ಆಳಕ್ಕೆ ಹೋಗಿ ರಾಗಿಗೆ ಸಿಗದ ತೇವ ಹಿಡಿಯುತ್ತದೆ. ಬೇಳೆಕಾಳಿನ ಗಿಡಗಳು ಮಣ್ಣಿಗೆ ಸಾರಜನಕ ಸೇರಿಸುತ್ತವೆ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಸೋನೆ ಬೀಳುವ ಕಾಲಕ್ಕೆ ಅವರೆ ಒಂದಿಷ್ಟು ಕಾಸು ತರುತ್ತದೆ. ಹುಲ್ಲು ದನಕ್ಕೆ, ತೊಗರಿ ಕಡ್ಡಿ ಒಲೆಗೆ. ಹವಾಮಾನ ಬದಲಾವಣೆಯನ್ನು ತಡೆದುಕೊಳ್ಳುವ ಬೇಸಾಯ ಬೇಕು ಅಂತ ದೊಡ್ಡ ಸಭೆಗಳಲ್ಲಿ ಮಾತಾಡುತ್ತಾರಲ್ಲ, ಅದು ನಿಮ್ಮ ಹೊಲದಲ್ಲಿ ನಡೆಯುತ್ತಲೇ ಇದೆ.

ನೀತಿ ಮಾತ್ರ ಇದನ್ನು ನೋಡುವುದಿಲ್ಲ. ಬ್ಯಾಂಕಿನ ಸಾಲದ ಮಿತಿ ಬೆಳೆವಾರು ನಿಗದಿಯಾಗುತ್ತದೆ. ವಿಮೆಯೂ ಬೆಳೆವಾರು. ಆರೇಳು ಬೆಳೆ ಕೂಡಿದ ಹೊಲಕ್ಕೆ ಬೆಲೆ ಕಟ್ಟುವ ಕಾಲಂ ಇಲ್ಲ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಘೋಷಿಸುವುದು 22 ಬೆಳೆಗಳಿಗೆ. ರಾಗಿ, ತೊಗರಿ, ಹುಚ್ಚೆಳ್ಳು ಅದರಲ್ಲಿವೆ. ಅವರೆ ಇಲ್ಲ, ಹುರುಳಿ ಇಲ್ಲ, ನವಣೆ, ಸಾಮೆ ಕೂಡ ಇಲ್ಲ. ಪಟ್ಟಿಯಲ್ಲಿ ಇದ್ದರೂ ನಿಜವಾಗಿ ದೊಡ್ಡ ಪ್ರಮಾಣದಲ್ಲಿ ಕೊಳ್ಳುವುದು ಭತ್ತ, ಗೋಧಿಯನ್ನೇ. ಬೆಂಬಲ ಬೆಲೆಗೆ ಮಾರುವ ರೈತರು ನೂರಕ್ಕೆ ಆರು ಮಂದಿ ಮಾತ್ರ ಎಂದು 2015ರ ಶಾಂತಕುಮಾರ್ ಸಮಿತಿ ಹೇಳಿತ್ತು. ರಾಗಿಯ ವಿಷಯದಲ್ಲಿ ಕರ್ನಾಟಕ ಸ್ವಲ್ಪ ಮುಂದಿದೆ. ನಮ್ಮಲ್ಲಿ ಖರೀದಿ ಕೇಂದ್ರ ಇವೆ, ಪಡಿತರದಲ್ಲಿ ರಾಗಿ ಕೊಡುತ್ತಾರೆ. 2025-26ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆದರೆ ಅಲ್ಲಿ ಮಾರಲೂ ಫ್ರೂಟ್ಸ್ ಐಡಿ ಬೇಕು. ನಿಮ್ಮ ವಾರದ ಹೊಲದ ರಾಗಿ ಮಾಲೀಕರ ಹೆಸರಿನಲ್ಲಿ ಹೋಗಬೇಕು, ಇಲ್ಲವೇ ಸಂತೆಯಲ್ಲಿ ಸಿಕ್ಕ ಬೆಲೆಗೆ ಹೋಗಬೇಕು.

ಒಡಿಶಾ ಇಲ್ಲೂ ಒಂದು ಒಳ್ಳೆ ಪಾಠ ಕಲಿಸಿದೆ. 2017ರಲ್ಲಿ ಅಲ್ಲಿ ಬುಡಕಟ್ಟು ಜಿಲ್ಲೆಗಳಲ್ಲಿ ಸಿರಿಧಾನ್ಯ ಮಿಷನ್ ಶುರುವಾಯಿತು. ಬೀಜ ಹಂಚಿ ಸುಮ್ನೆ ಕೂರಲಿಲ್ಲ. ಊರಿನ ಹತ್ತಿರ ಸಿಪ್ಪೆ ಬಿಡಿಸುವ, ಹಸನು ಮಾಡುವ ಯಂತ್ರ ಇಟ್ಟರು, ಅದನ್ನು ನಡೆಸಲು ಮಹಿಳಾ ಸಂಘಗಳಿಗೆ ಕೊಟ್ಟರು. ರಾಗಿಯನ್ನು ಬೆಂಬಲ ಬೆಲೆಗೆ ಕೊಂಡರು. ಕೊಂಡದ್ದನ್ನು ಪಡಿತರಕ್ಕೆ, ಅಂಗನವಾಡಿಗೆ ತಂದರು. ಬೆಳೆಯುವುದರಿಂದ ತಿನ್ನುವವರೆಗೆ ಒಂದೇ ಸರಪಳಿ. ನಮ್ಮಲ್ಲೂ 2019-20ರಲ್ಲಿ ರೈತಸಿರಿ ಯೋಜನೆ ಬಂತು, ಸಿರಿಧಾನ್ಯಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ. ಹಣ ಬೇಕು, ಬೇಡ ಅನ್ನುವುದಿಲ್ಲ. ಆದರೆ ಸಾಮೆ, ನವಣೆ ಬೆಳೆದವರಿಗೆ ಹತ್ತಿರದಲ್ಲಿ ಮಿಲ್ ಇಲ್ಲದಿದ್ದರೆ ಮರುವರ್ಷ ಮೆಕ್ಕೆಜೋಳಕ್ಕೆ ಹೋಗುತ್ತಾರೆ, ಅಲ್ವಾ?

ರಾಜಸ್ಥಾನ ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ಬರ ಬೀಳುವ ಪ್ರದೇಶ ಇರುವುದು ನಮ್ಮ ರಾಜ್ಯದಲ್ಲಿ. ದೇಶದ ಬಿತ್ತನೆ ಪ್ರದೇಶದಲ್ಲೂ ಸುಮಾರು ಅರ್ಧ ಮಳೆಯನ್ನೇ ನಂಬಿದೆ. ಹಾಗಿದ್ದೂ ದುಡ್ಡು ಹರಿಯುವುದು ನೀರು ಇರುವ ಕಡೆಗೆ. ರಸಗೊಬ್ಬರ ಸಬ್ಸಿಡಿಯನ್ನೇ ನೋಡಿ. 2022-23ರಲ್ಲಿ ಕೇಂದ್ರ ಇದಕ್ಕೆ ಖರ್ಚು ಮಾಡಿದ್ದು ಸುಮಾರು 2.5 ಲಕ್ಷ ಕೋಟಿ. ನೀರಾವರಿ ಇದ್ದವರು ಜಾಸ್ತಿ ಚೀಲ ಕೊಳ್ಳುತ್ತಾರೆ, ಆದ್ದರಿಂದ ಅವರಿಗೆ ಜಾಸ್ತಿ ಸಬ್ಸಿಡಿ. 2024ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕ ನೈಸರ್ಗಿಕ ಕೃಷಿ ಮಿಷನ್ನಿಗೆ ಇಟ್ಟದ್ದು ಒಟ್ಟು 2,481 ಕೋಟಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸರ್ಕಾರದ ಮನಸ್ಸು ಎಲ್ಲಿದೆ ಅನ್ನುವುದು ತಿಳಿಯುತ್ತದೆ.

ಯೂರಿಯಾದ ಕಥೆ ಇನ್ನೂ ಸ್ಪಷ್ಟ. 2010ರಲ್ಲಿ ಪೋಷಕಾಂಶ ಆಧರಿಸಿ ಸಬ್ಸಿಡಿ ಕೊಡುವ ಪದ್ಧತಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟರು. ಹಾಗಾಗಿ 45 ಕಿಲೋ ಯೂರಿಯಾ ಚೀಲ ಇನ್ನೂ 270 ರೂಪಾಯಿಯೊಳಗೇ ಇದೆ. 50 ಕಿಲೋ ಡಿಎಪಿ 1,350 ರೂಪಾಯಿ. ಕೈಗೆ ಎಟಕುವ ಚೀಲವನ್ನೇ ಜನ ತರುತ್ತಾರೆ. ಎಲೆ ಹಸಿರಾಗಿ ಕಾಣುತ್ತದೆ, ಮಣ್ಣಿನೊಳಗೆ ಸತು, ಬೋರಾನ್, ಗಂಧಕದ ಕೊರತೆ ಹಾಗೇ ಉಳಿಯುತ್ತದೆ. ಈ ಕೊರತೆಗಳ ಕಡೆ ಗಮನ ಹರಿಸಿದ್ದು 2009ರಲ್ಲಿ ಕರ್ನಾಟಕ ಸರ್ಕಾರ ಬೆದ್ದಲು ಬೇಸಾಯದ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ಶುರು ಮಾಡಿದ ಭೂಚೇತನ. ಅದು ಮಳೆಯಾಶ್ರಿತ ಹೊಲಗಳಿಗೇ ಮಾಡಿದ ಕಾರ್ಯಕ್ರಮವಾಗಿತ್ತು. ಮಣ್ಣು ಪರೀಕ್ಷೆ ಮಾಡಿ, ಬೇಕಾದಷ್ಟನ್ನೇ ಕೊಡುವ ಕ್ರಮ. ಅಂಥದ್ದು ಸರ್ಕಾರ ಬದಲಾದರೂ ಮುಂದುವರಿಯಬೇಕು.

ಹಾಗಂತ ನಾಳೆಯಿಂದ ರಸಗೊಬ್ಬರ ಬಂದ್ ಮಾಡಿ ಅನ್ನುವವರ ಜೊತೆ ನಾನಿಲ್ಲ. ಶ್ರೀಲಂಕಾ 2021ರಲ್ಲಿ ಒಮ್ಮೆಗೇ ಆಮದು ನಿಲ್ಲಿಸಿತು. ಭತ್ತದ ಇಳುವರಿ ಕುಸಿಯಿತು, ಚಹಾ ತೋಟಗಳಿಗೂ ಪೆಟ್ಟು ಬಿತ್ತು, ಕೆಲವೇ ತಿಂಗಳಲ್ಲಿ ಆದೇಶ ವಾಪಸ್ ತೆಗೆದುಕೊಳ್ಳಬೇಕಾಯಿತು. ಮೊದಲು ಪೆಟ್ಟು ತಿಂದವರು ಸಣ್ಣ ರೈತರು. ಸಿಕ್ಕಿಂ 2003ರಲ್ಲಿ ತೀರ್ಮಾನ ಮಾಡಿ, ಪೂರ್ತಿ ಸಾವಯವ ರಾಜ್ಯ ಅನ್ನಿಸಿಕೊಂಡದ್ದು 2016ರಲ್ಲಿ. ಅದಕ್ಕೇ ಹತ್ತು ವರ್ಷದ ಮೇಲೆ ಹಿಡಿಯಿತು, ಅದೂ ರಸಗೊಬ್ಬರ ಮೊದಲಿಂದಲೂ ಕಡಿಮೆ ಬಳಸುತ್ತಿದ್ದ ಪುಟ್ಟ ಬೆಟ್ಟದ ರಾಜ್ಯದಲ್ಲಿ. ನನ್ನ ಸಲಹೆ ಇಷ್ಟೇ: ಚೀಲದ ಮೇಲೆ ಕೊಡುವ ಸಬ್ಸಿಡಿಯ ಒಂದು ಪಾಲನ್ನು ವರ್ಷವರ್ಷ ಸ್ವಲ್ಪಸ್ವಲ್ಪವಾಗಿ ಎಕರೆ ಲೆಕ್ಕದ ನೆರವಾಗಿ ಬದಲಿಸಿ, ಹೊಲ ಮಾಡುವವರ ಖಾತೆಗೆ ಹಾಕಬೇಕು. ಅದರಲ್ಲಿ ಅವರು ಯೂರಿಯಾನಾದರೂ ತರಲಿ, ಗೊಬ್ಬರಕ್ಕೆ ಹೊಲದಲ್ಲಿ ಕುರಿ ಮಂದೆಯನ್ನಾದರೂ ನಿಲ್ಲಿಸಲಿ.

ಕುರಿ ಮಂದೆ ಅಂದಾಗ ಒಂದು ಮಾತು. ಹೊಲದಿಂದ ಹೊಲಕ್ಕೆ ಸಾಗುವ ಕುರಿಗಾಹಿಗಳು ನಮ್ಮ ಬೆದ್ದಲು ಭೂಮಿಗೆ ಗೊಬ್ಬರ ಕೊಡುವವರು. ಗೋಮಾಳ ಒಂದೊಂದಾಗಿ ಕರಗಿ ಅವರಿಗೆ ಮೇಯಿಸಲು ಜಾಗವಿಲ್ಲದಂತೆ ಆಗಿದೆ. ಕೃಷಿ ನೀತಿ ಬರೆಯುವವರು ಗೋಮಾಳವನ್ನು ಖಾಲಿ ಜಾಗ ಅಂತ ನೋಡುವುದು ನಿಲ್ಲಬೇಕು.

ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮದು ಬೋರ್‌ವೆಲ್ ಇಲ್ಲದ ಹೊಲ. ಪಂಜಾಬಿನಲ್ಲಿ ಅಂತರ್ಜಲ ಮರುಪೂರಣಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ನೀರು ಎತ್ತುತ್ತಿದ್ದಾರೆ, ಕೋಲಾರ ಚಿಕ್ಕಬಳ್ಳಾಪುರದ ಗತಿಯೂ ಗೊತ್ತಿದ್ದದ್ದೇ. ಬೆಂಬಲ ಬೆಲೆಯ ಖಾತರಿ ಭತ್ತಕ್ಕೆ ಮಾತ್ರ, ವಿದ್ಯುತ್ ಪುಕ್ಕಟೆ ಅಂದರೆ ಯಾರಾದರೂ ಅದನ್ನೇ ಬೆಳೆಯುತ್ತಾರೆ. ಹರಿಯಾಣ 2020ರಲ್ಲಿ ಭತ್ತ ಬಿಟ್ಟು ಬೇರೆ ಬೆಳೆದವರಿಗೆ ಎಕರೆಗೆ 7,000 ರೂಪಾಯಿ ಕೊಡಲು ಶುರು ಮಾಡಿತು. ನೀರು ಉಳಿಸಿದವರಿಗೆ ದುಡ್ಡು ಅನ್ನುವುದು ಸರಿಯಾದ ದಿಕ್ಕು. ಹಾಗಾದರೆ ಹುಟ್ಟಿದಾಗಿನಿಂದ ಮಳೆನೀರಲ್ಲೇ ಬೆಳೆಯುತ್ತಿರುವ ನಿಮಗೂ ಒಂದು ಪಾಲು ಬರಬೇಕಲ್ಲ?

ಇದೆಲ್ಲಾ ಯಾರು ತೀರ್ಮಾನಿಸಬೇಕು ಅನ್ನುವುದೂ ಮುಖ್ಯ. ಸಂವಿಧಾನದಲ್ಲಿ ಕೃಷಿ, ಜಮೀನು ರಾಜ್ಯಗಳ ಪಟ್ಟಿಯಲ್ಲಿವೆ. ಬೆಂಬಲ ಬೆಲೆ, ರಸಗೊಬ್ಬರ, ಆಮದು ರಫ್ತು ಕೇಂದ್ರದ ಕೈಯಲ್ಲಿವೆ. ಇಬ್ಬರೂ ಕೂತು ಮಾತಾಡದೆ ರಾಷ್ಟ್ರೀಯ ನೀತಿ ಆಗುವುದಿಲ್ಲ. 2020ರ ಜೂನ್‌ನಲ್ಲಿ ಮೂರು ಕೃಷಿ ಕಾಯ್ದೆಗಳು ಸುಗ್ರೀವಾಜ್ಞೆಯಾಗಿ ಬಂದವು. ರಾಜ್ಯಗಳನ್ನಾಗಲಿ, ರೈತ ಸಂಘಟನೆಗಳನ್ನಾಗಲಿ ಸರಿಯಾಗಿ ಕೇಳಲಿಲ್ಲ. ದೆಹಲಿಯ ಗಡಿಯಲ್ಲಿ ವರ್ಷದಷ್ಟು ಕಾಲ ಹೋರಾಟ ನಡೆಯಿತು, 2021ರ ನವೆಂಬರಿನಲ್ಲಿ ಕಾಯ್ದೆ ಹಿಂದಕ್ಕೆ ಹೋದವು. ಕರಡು ಕಾಯ್ದೆಯನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು ಅಂತ ಕೇಂದ್ರವೇ 2014ರಲ್ಲಿ ತೀರ್ಮಾನ ಮಾಡಿಕೊಂಡಿದೆ. ಕೃಷಿಯ ವಿಷಯಕ್ಕೆ 30 ದಿನ ಸಾಲದು. ಕರಡು ಕನ್ನಡದಲ್ಲಿ ಇರಬೇಕು, ಗ್ರಾಮಸಭೆಗೆ ಬರಬೇಕು, ಆ ಸಭೆ ನಾಟಿ, ಕೊಯ್ಲಿನ ಸಮಯದಲ್ಲಿ ಇರಬಾರದು. ಸಮಿತಿಗಳಲ್ಲಿ ಹೊಲಕ್ಕೆ ಇಳಿಯುವ ಹೆಂಗಸರು ಇರಬೇಕು. ಸ್ವಾಮಿನಾಥನ್ ಅವರೇ ರಾಜ್ಯಸಭೆಯಲ್ಲಿದ್ದಾಗ ಮಹಿಳಾ ರೈತರ ಹಕ್ಕುಗಳಿಗಾಗಿ ಖಾಸಗಿ ಮಸೂದೆ ತಂದರು. ಗ್ರಾಮಸಭೆಯ ಒಪ್ಪಿಗೆಯ ಮೇಲೆ ಮಹಿಳೆಗೆ ರೈತಳೆಂಬ ಪ್ರಮಾಣಪತ್ರ ಕೊಡಬೇಕು ಅನ್ನುವುದು ಅದರಲ್ಲಿತ್ತು. ಅವರ ಅವಧಿ ಮುಗಿದು 2013ರಲ್ಲಿ ಮಸೂದೆ ಬಿದ್ದುಹೋಯಿತು. ವಿಶ್ವಸಂಸ್ಥೆ 2026ನ್ನು ಮಹಿಳಾ ರೈತರ ವರ್ಷ ಎಂದು ಘೋಷಿಸಿದೆ. ಆ ಮಸೂದೆಗೆ ಮತ್ತೆ ಜೀವ ಕೊಡಲು ಇದಕ್ಕಿಂತ ಒಳ್ಳೆ ನೆಪ ಬೇಕಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ, ಅಲ್ಲಿಯವರೆಗೆ ಏನು ಮಾಡಬಹುದು.

ಮಾವನವರು ಒಪ್ಪಿದರೆ ಮನೆಯಲ್ಲಿ ಕೂತು ದಾನಪತ್ರದ ಮೂಲಕ ಒಂದಿಷ್ಟು ಜಮೀನನ್ನು ನಿಮ್ಮ ಮತ್ತು ನಿಮ್ಮ ಯಜಮಾನರ ಜಂಟಿ ಹೆಸರಿಗೆ ಮಾಡಿಸುವ ಬಗ್ಗೆ ಯೋಚಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ತವರಿನ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿದೆ, ಸೊಸೆಗೆ ಹಾಗೆ ತಾನಾಗಿ ಹಕ್ಕು ಬರುವುದಿಲ್ಲ. ಆದ್ದರಿಂದ ಹೀಗೆ ಮಾಡಿಸಿಕೊಳ್ಳುವುದೇ ದಾರಿ. ಒಂದು ಎಚ್ಚರಿಕೆ ಇದೆ. ಪಿಎಂ ಕಿಸಾನ್‌ಗೆ 2019ರ ಫೆಬ್ರವರಿ 1ರ ಒಡೆತನವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅದರ ನಂತರ ಮಾಲೀಕರು ತೀರಿಕೊಂಡು ಪೌತಿ ಖಾತೆಯಾದರೆ ಮಾತ್ರ ವಾರಸುದಾರರಿಗೆ ಅವಕಾಶ. ಈಗ ಪಾಲು ಮಾಡಿದರೆ ಆ 6,000 ನಿಮಗೆ ಬರುವುದಿಲ್ಲ, ಮಾವನವರಿಗೆ ಬರುತ್ತಿರುವುದಕ್ಕೂ ತೊಂದರೆ ಆಗಬಹುದು. ಅವರ ಹೆಸರಿನಲ್ಲಿ ಸ್ವಲ್ಪ ಉಳಿಸಿಕೊಳ್ಳುವುದು ಒಳ್ಳೆಯದು. ಪಹಣಿಯಲ್ಲಿ ಹೆಸರು ಬಂದರೆ ಫ್ರೂಟ್ಸ್ ಐಡಿ, ಬೆಳೆ ಸಾಲ, ವಿಮೆ, ರಾಗಿ ಖರೀದಿ ಕೇಂದ್ರ ಇವೆಲ್ಲಾ ನಿಮ್ಮ ಹೆಸರಿಗೆ ತೆರೆಯುತ್ತವೆ.

ಜಮೀನಿನ ಕಾಗದ ಇಲ್ಲದೆಯೂ ಆಗುವ ಕೆಲಸ ಕೆಲವಿವೆ. ನಾಲ್ಕರಿಂದ ಹತ್ತು ಜನ ಸೇರಿ ಜಂಟಿ ಬಾಧ್ಯತಾ ಗುಂಪು, ಅಂದರೆ ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆಯಾಗುವ ಗುಂಪು, ಮಾಡಿಕೊಂಡರೆ ವಾರಕ್ಕೆ ಮಾಡುವವರಿಗೂ ಬ್ಯಾಂಕ್ ಸಾಲಕ್ಕೆ ಅವಕಾಶವಿದೆ. ಕೇರಳದಲ್ಲಿ ಕುಟುಂಬಶ್ರೀ ಮಹಿಳಾ ಸಂಘಗಳ ಹೆಂಗಸರು ಇಂಥ ಗುಂಪು ಕಟ್ಟಿಕೊಂಡೇ ಬೀಳುಬಿದ್ದ ಹೊಲ ಗೇಣಿಗೆ ಹಿಡಿದು ಭತ್ತ, ತರಕಾರಿ ಬೆಳೆಯುತ್ತಿದ್ದಾರೆ. ನಿಮ್ಮ ಊರಿನ ಮಹಿಳಾ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ವಿಚಾರಿಸಿ. ಹತ್ತಿರ ರೈತ ಉತ್ಪಾದಕ ಕಂಪನಿ ಇದ್ದರೆ ಷೇರು ತೆಗೆದುಕೊಳ್ಳಿ. ಅದರ ಸದಸ್ಯತ್ವಕ್ಕೆ ಕಾಯ್ದೆ ಕೇಳುವುದು ನೀವು ಬೆಳೆಯುತ್ತೀರಾ ಅನ್ನುವುದನ್ನು, ಜಮೀನು ಯಾರದು ಅನ್ನುವುದನ್ನಲ್ಲ. ಬೆಳೆ ವಿಮೆಯ ನಿಯಮದಲ್ಲೂ ಗೇಣಿದಾರರಿಗೆ, ಪಾಲಿಗೆ ಮಾಡುವವರಿಗೆ ಅವಕಾಶವಿದೆ. ಮುಂಗಾರಿನ ಆಹಾರ ಬೆಳೆಗೆ ನಿಮ್ಮ ಪಾಲಿನ ಕಂತು ವಿಮಾ ಮೊತ್ತದ ನೂರಕ್ಕೆ 2. ಮಾಲೀಕರು ಒಂದು ಒಪ್ಪಿಗೆ ಪತ್ರ ಕೊಡುತ್ತಾರಾ ಕೇಳಿ. ಕೊಡಲು ಒಪ್ಪದಿದ್ದರೆ, ಪರಿಹಾರ ಬಂದರೆ ಹೇಗೆ ಹಂಚಿಕೊಳ್ಳುವುದು ಅನ್ನುವುದನ್ನಾದರೂ ಬಿತ್ತನೆಗೆ ಮೊದಲೇ ಇಬ್ಬರು ಹಿರಿಯರ ಮುಂದೆ ಮಾತಾಡಿಕೊಳ್ಳಿ.

ಬೆಳೆ ಸಮೀಕ್ಷೆಗೆ ಬಂದಾಗ ಹೊಲದಲ್ಲಿ ನೀವೇ ಇರಿ. ರಾಗಿ ಒಂದನ್ನೇ ಬರೆದುಕೊಂಡು ಹೋಗಲು ಬಿಡಬೇಡಿ. ತೊಗರಿ, ಅವರೆ ಸಾಲುಗಳನ್ನೂ ತೋರಿಸಿ ಮಿಶ್ರ ಬೆಳೆ ಅಂತ ಹಾಕಿಸಿ. ತೊಗರಿಗೆ ಬೆಂಬಲ ಬೆಲೆ ಬೇಕಾದರೆ ಸಮೀಕ್ಷೆಯಲ್ಲಿ ತೊಗರಿ ಇರಬೇಕು. ತಪ್ಪು ದಾಖಲಾಗಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಆಕ್ಷೇಪಣೆ ಸಲ್ಲಿಸಿ. ಮುಂದಿನ ಗ್ರಾಮಸಭೆಗೆ ನಿಮ್ಮ ಹಾಗೆ ವಾರಕ್ಕೆ ಮಾಡುವ ನಾಲ್ಕು ಹೆಂಗಸರನ್ನು ಕರೆದುಕೊಂಡು ಹೋಗಿ, ನಮ್ಮನ್ನು ಸಾಗುವಳಿದಾರರು ಎಂದು ದಾಖಲಿಸಬೇಕು ಅನ್ನುವ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ಕೇಳಿ ಪಡೆಯಿರಿ. ನಾಳೆ ತಹಶೀಲ್ದಾರರ ಮುಂದೆ, ಶಾಸಕರ ಮುಂದೆ ಇಡಲು ನಿಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ.